ನಾನು ಬರೆಯದೆ ಬಿಟ್ಟ ಖಾತೆ

ಆ ಆಟದಲ್ಲಿ ಆರು ತರಹದ ರೊಕ್ಕ ಇದ್ದವು. ಪುಂಡರನ್ನು ಬಡಿದಾಗ ಉದುರುವ ಚಿನ್ನದ ನಾಣ್ಯ, ದಿನದ ಕೆಲಸ ಮುಗಿಸಿದರೆ ಸಿಗುವ ಮುದ್ರೆ, ಬೇರೆ ಆಟಗಾರರ ಜೊತೆ ಸೆಣಸಿದರೆ ಬರುವ ಪದಕ, ಕೂಟದವರೆಲ್ಲ ಸೇರಿ ದೊಡ್ಡ ಖಳನನ್ನು ಕೆಡವಿದರೆ ಹಂಚಿಕೆಯಾಗುವ ಟೋಕನ್, ಹಬ್ಬದ ಹೆಸರಲ್ಲಿ ಬಂದು ಎರಡು ವಾರಕ್ಕೆ ಸತ್ತುಹೋಗುವ ಚೀಟಿ, ಇವೆಲ್ಲದರ ನೆತ್ತಿಯ ಮೇಲೆ ನೀಲಿ ಹರಳು. ನಮ್ಮ ರೂಪಾಯಿಗೆ ಸಿಗುತ್ತಿದ್ದದ್ದು ಹರಳೊಂದೇ. ಹರಳು ಕೊಟ್ಟರೆ ಚಿನ್ನ ಬರುತ್ತಿತ್ತು. ಚಿನ್ನ ಎಷ್ಟೇ ಕೊಟ್ಟರೂ ಹರಳು ಬರುತ್ತಿರಲಿಲ್ಲ. ಇಷ್ಟು ದೊಡ್ಡ ಸುಳಿವು ಮೊದಲ ದಿನವೇ ಕಣ್ಣೆದುರಿಗಿತ್ತು.

ನಾನು ಬೀದರಿನ ಗಾಂಧಿ ಗಂಜಿನಲ್ಲಿ ಒಂದು ಅಡತಿ ಅಂಗಡಿಯ ಮುನೀಮ. ಊರು ಅಷ್ಟೂರು, ಬಹಮನಿ ಸುಲ್ತಾನರ ಗುಂಬಜುಗಳ ಊರು. ರೈತ ತಂದ ಸೋಯಾಬೀನಿನ ಚೀಲ ತೂಕವಾಗಿ, ಲಿಲಾವು ಮುಗಿದು, ಹಮಾಲಿ ಕಳೆದು, ಕೈಗೆ ಬರುವುದೆಷ್ಟು ಎಂದು ಪಟ್ಟಿ ಬರೆದು ಕೊಡುವುದು ನನ್ನ ಕೆಲಸ. ಐವತ್ತು ಪೈಸೆ ಹೆಚ್ಚು ಕಡಿಮೆಯಾದರೆ ರೈತ ಬಿಡುವುದಿಲ್ಲ, ಮಾಲಕರೂ ಬಿಡುವುದಿಲ್ಲ. ಇಂಥವನು ಒಂದು ಫೋನಿನ ಆಟದಲ್ಲಿ ಅವ್ವನ ತೊಗರಿ ರೊಕ್ಕ ಕಳೆದೆ.

ಆಟದ ಹೆಸರು ಬೇಡ. ಹೇಳಿದರೆ ಓದಿದವರು ಅದೊಂದನ್ನು ಅಳಿಸಿ ನಿಶ್ಚಿಂತರಾಗುತ್ತಾರೆ, ಪಕ್ಕದಲ್ಲೇ ಕೂತಿರುವ ಅದರ ತಮ್ಮಂದಿರನ್ನು ಹಾಗೇ ಇಟ್ಟುಕೊಳ್ಳುತ್ತಾರೆ.

ಭಾಲ್ಕಿಯಲ್ಲಿರುವ ಅಕ್ಕನ ಮಗ ಬೇಸಿಗೆ ರಜೆಗೆ ಬಂದಾಗ ಅದನ್ನು ನನ್ನ ಫೋನಿಗೆ ಹಾಕಿದ್ದ. "ಮಾಮಾ, ನೀ ಒಂದ್ ಹೀರೋ ಮಾಡ್ಕೋ" ಅಂದ. ಮಾಡಿಕೊಂಡೆ. ಕೈಯಿಂದ ಮಿಂಚು ಬಿಡುವ, ಕೆಂಪು ಶಲ್ಯದ ಹೀರೋ. ಶಾಲೆ ಶುರುವಾಗಿ ಅವನು ಊರಿಗೆ ಹೋದ, ಆಟ ನನ್ನಲ್ಲಿ ಉಳಿಯಿತು. ಗಂಜಿನಲ್ಲಿ ದೀಪಾವಳಿಯ ಆಜುಬಾಜು ಸೋಯಾ, ಸಂಕ್ರಮಣದ ನಂತರ ತೊಗರಿ. ಅದು ಮುಗಿದರೆ ಮಿರಗದ ಮಳೆಯವರೆಗೆ ನೊಣ ಹೊಡೆಯುವ ಕೆಲಸ. ಆ ಖಾಲಿ ಹೊತ್ತಿಗೆ ಆಟ ಹೇಳಿ ಮಾಡಿಸಿದಂತಿತ್ತು.

ಮೊದಲ ಕೆಲವು ತಿಂಗಳು ಒಂದು ಪೈಸೆ ಖರ್ಚಿಲ್ಲ. ಉಲ್ಟಾ, ಬರೀ ಬಹುಮಾನ. ಬೆಳಗ್ಗೆ ತೆರೆದರೆ ಹಾಜರಿಗೊಂದು ಪೆಟ್ಟಿಗೆ. ತಿಂಗಳ ಕೊನೆಯ ಪೆಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಒಂದು ದಿನ ತಪ್ಪಿಸಿದರೆ ಅದು ಸಿಗುವುದಿಲ್ಲ. ಅಂಗಡಿಗೆ ತಡವಾಗಿ ಹೋದ ದಿನಗಳುಂಟು, ಆಟದ ಹಾಜರಿ ಮಾತ್ರ ತಪ್ಪಿಸಲಿಲ್ಲ. ಕೂಟವೊಂದಕ್ಕೆ ಸೇರಿದೆ. ಔರಾದ್, ಜಹೀರಾಬಾದ್, ಲಾತೂರಿನ ಹುಡುಗರು, ಪುಣೆಯ ಒಬ್ಬ ಮುಖಂಡ. ರಾತ್ರಿ ಹತ್ತೂವರೆಗೆ ಎಲ್ಲರೂ ಸೇರಿ ಖಳನ ಮೇಲೆ ಬೀಳುವುದು. ಸುಳ್ಳು ಯಾಕೆ ಹೇಳಲಿ, ಆ ಅರ್ಧ ಗಂಟೆ ಬಹಳ ಖುಷಿಯದು. ದಿನವಿಡೀ "ಏ ಮುನೀಮ" ಅನ್ನಿಸಿಕೊಂಡವನನ್ನು ಅಲ್ಲಿ ಜನ "ಭಾಯ್, ನೀವು ಬಂದ್ರಿ, ಇನ್ನ ಗೆದ್ವಿ" ಎಂದು ಹಿಂದಿಯಲ್ಲಿ ಸ್ವಾಗತಿಸುತ್ತಿದ್ದರು.

ಹೀರೋನ ಬಲ ಅವನ ಮೈಮೇಲಿನ ಸಾಮಾನಿನಲ್ಲಿರುತ್ತದೆ. ಮುಖವಾಡ, ಎದೆಗವಚ, ಕೈಗವಸು, ಬೆಲ್ಟು, ಬೂಟು. ಪ್ರತಿಯೊಂದಕ್ಕೂ ದರ್ಜೆ, ಪ್ರತಿಯೊಂದರಲ್ಲೂ ಮಣಿ ಕೂಡಿಸುವ ತೂತುಗಳು. ಒಂದು ದರ್ಜೆ ಏರಿಸಬೇಕಾದರೆ ಅದೇ ಜಾತಿಯ ಹಳೆಯ ಸಾಮಾನು ಒಡೆದು ಪುಡಿ ಮಾಡಬೇಕು, ಮೇಲೆ ಚಿನ್ನ ಸುರಿಯಬೇಕು, ಒಂದು ವಿಶೇಷ ಧಾತು ಸೇರಿಸಬೇಕು. ಮೂರನೇ ದರ್ಜೆಯವರೆಗೆ ಒತ್ತಿದ್ದೆಲ್ಲ ಗೆಲುವು. ಆರರವರೆಗೆ ಆಗೊಮ್ಮೆ ಈಗೊಮ್ಮೆ ಸೋಲು. ಒಂಬತ್ತರಿಂದ ಹತ್ತಕ್ಕೆ ಹೋಗುವಾಗ ಗೆಲ್ಲುವ ಸಾಧ್ಯತೆ ನೂರಕ್ಕೆ 20 ಎಂದು ಅವರೇ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಸೋತರೆ ಹಾಕಿದ್ದೆಲ್ಲ ಹೋಗುತ್ತದೆ, ಮೇಲಾಗಿ ದರ್ಜೆ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಇಳಿಯಬಾರದು ಅನ್ನುವುದಾದರೆ "ರಕ್ಷೆ" ಹಚ್ಚಬೇಕು. ರಕ್ಷೆ ಸಿಗುವುದು ನೀಲಿ ಹರಳಿಗೆ ಮಾತ್ರ.

ಬೆಲ್ಟು ಹತ್ತಕ್ಕೇರಿಸಲು ಹೊರಟ ರಾತ್ರಿ ಕರೆಂಟಿರಲಿಲ್ಲ. ಮಾಳಿಗೆಯ ಮೇಲೆ ಚಾಪೆ ಹಾಕಿಕೊಂಡು ಕೂತಿದ್ದೆ. ಬಟನ್ ಒತ್ತಿದರೆ ಸುತ್ತಿಗೆ ಮೂರು ಸಲ ಬೀಳುತ್ತದೆ, ಮೂರನೆಯ ಏಟಿಗೆ ಪರದೆ ಬೆಳ್ಳಗಾಗುತ್ತದೆ, ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಗೆದ್ದರೆ ನಗಾರಿ, ಸೋತರೆ ಗಾಜು ಒಡೆದ ಸದ್ದು. ಗಾಜು ಒಡೆಯಿತು. ಇನ್ನೊಮ್ಮೆ ಒಡೆಯಿತು. ರಕ್ಷೆ ಮುಗಿಯಿತು. 89 ರೂಪಾಯಿಯ ಹರಳಿನ ಕಟ್ಟು ಕೊಂಡೆ. ಯುಪಿಐ ಪಿನ್ ಒತ್ತುವ ಬೆರಳಿಗೂ ಸುತ್ತಿಗೆ ಒತ್ತುವ ಬೆರಳಿಗೂ ನಡುವೆ ಯೋಚನೆಗೆ ಜಾಗವೇ ಇರಲಿಲ್ಲ. ಪ್ರತಿ ಸೋಲಿನ ನಂತರವೂ ಪರದೆಯ ಮೂಲೆಯಲ್ಲಿ "ನಿಮಗಾಗಿ ವಿಶೇಷ ರಿಯಾಯಿತಿ, ಹತ್ತು ನಿಮಿಷ ಮಾತ್ರ" ಎಂದು ಬರುತ್ತಿತ್ತು. ಅದು ಸೋತವನಿಗೇ ಯಾಕೆ ಬರುತ್ತದೆ ಎಂದು ನಾನು ಕೇಳಿಕೊಳ್ಳಲಿಲ್ಲ. ನಡುರಾತ್ರಿ ದಾಟಿದ ಮೇಲೆ ನಗಾರಿ ಬಡಿಯಿತು. ಕೂಟದ ಗುಂಪಿನಲ್ಲಿ ಚಿತ್ರ ಹಾಕಿದೆ. ಲಾತೂರಿನ ಹುಡುಗ ಚಪ್ಪಾಳೆಯ ಗುರುತು ಕಳಿಸಿದ. ಮುಖಂಡ ಬರೆದ: "ಬೂಟು ಇನ್ನೂ ಏಳರಲ್ಲೇ ಇದೆಯಲ್ಲ?"

ನೂರಕ್ಕೆ 20 ಅಂದರೆ ಐದು ಸಲಕ್ಕೆ ಒಂದು ಸಲ ಆಗೇ ಆಗುತ್ತದೆ ಎಂದು ನಾನು ಓದಿಕೊಂಡಿದ್ದೆ. ಆಮೇಲೆ, ಬಹಳ ಆಮೇಲೆ, ಕ್ಯಾಲ್ಕುಲೇಟರ್ ತೆಗೆದು ನೋಡಿದೆ. ಒಂದು ಸಲ ಸೋಲುವ ಸಾಧ್ಯತೆ 0.8. ಅದನ್ನು ಐದು ಸಲ ಗುಣಿಸಿದರೆ 0.33ರ ಹತ್ತಿರ. ಅಂದರೆ ಐದೈದು ಸಲ ಒತ್ತಿದ ಮೂವರಲ್ಲಿ ಒಬ್ಬ ಬರಿಗೈಯಲ್ಲಿ ಏಳುತ್ತಾನೆ. ಹತ್ತು ಸಲವೂ ಸೋಲುವವರು ನೂರಕ್ಕೆ 10ಕ್ಕಿಂತ ಹೆಚ್ಚು. ಹಿಂದಿನ ಸೋಲುಗಳು ಮುಂದಿನ ಏಟಿಗೆ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. "ಇಷ್ಟು ಹಾಕಿದೀನಿ, ಇನ್ನೇನು ಬಂದೇ ಬಿಡ್ತದ" ಎನ್ನುವ ಮಾತು ಗಂಜಿನಲ್ಲಿ ಮಟಕಾ ಆಡುವವರ ಬಾಯಲ್ಲಿ ಕೇಳಿ ನಕ್ಕವನು ನಾನು.

ನನ್ನ ಆಟ ಸಾಧ್ಯತೆಯನ್ನಾದರೂ ಬರೆದಿತ್ತು. ದಕ್ಷಿಣ ಕೊರಿಯಾದ ಮೇಪಲ್‌ಸ್ಟೋರಿ ಎಂಬ ಆಟದಲ್ಲಿ ಸಾಮಾನಿನ ಗುಣ ಬದಲಿಸಲು "ಕ್ಯೂಬ್" ಮಾರುತ್ತಿದ್ದರು. ಜನ ಬಯಸುವ ಗುಣಗಳು ಬೀಳುವ ಸಾಧ್ಯತೆಯನ್ನು ಹೇಳದೆ ಕೇಳದೆ ಇಳಿಸಿದ್ದರು, ಕೆಲವು ಜೋಡಿಗಳು ಬೀಳಲಾಗದಂತೆಯೇ ಮಾಡಿದ್ದರು. 2024ರ ಜನವರಿಯಲ್ಲಿ ಅಲ್ಲಿನ ವ್ಯಾಪಾರ ಆಯೋಗ ನೆಕ್ಸಾನ್ ಕಂಪನಿಗೆ ಸುಮಾರು 1,160 ಕೋಟಿ ವಾನ್ ದಂಡ ಹಾಕಿತು. ಅದೇ ಮಾರ್ಚಿನಿಂದ ಸಾಧ್ಯತೆಯನ್ನು ಬಹಿರಂಗಪಡಿಸುವುದು ಕಡ್ಡಾಯವಾಯಿತು. ಒಳ್ಳೆಯದೇ. ಆದರೆ ಬರೆದದ್ದನ್ನು ಓದಿಯೂ ಮುಳುಗಿದವನಾಗಿ ಹೇಳುತ್ತೇನೆ, ರಾತ್ರಿ ಹನ್ನೆರಡಕ್ಕೆ ಆ ಸಣ್ಣ ಅಕ್ಷರ ಯಾರನ್ನೂ ತಡೆಯುವುದಿಲ್ಲ.

ನನ್ನನ್ನು ನಿಜಕ್ಕೂ ಕೆಡವಿದ್ದು ಆ ಆರು ರೊಕ್ಕ. ರಕ್ಷೆಗೆ 130 ಹರಳು. ಹರಳಿನ ಕಟ್ಟು ಸಿಗುವುದು 80ರದ್ದು ಇಲ್ಲವೆ 500ರದ್ದು. ಎರಡು ಸಣ್ಣ ಕಟ್ಟು ಕೊಂಡರೆ 160, ರಕ್ಷೆ ಹೋಗಿ 30 ಉಳಿಯಿತು. ಇನ್ನೊಂದು ಕಟ್ಟು ಕೊಂಡರೆ 110, ಮತ್ತೆ 20 ಕಡಿಮೆ. ಉಳಿದದ್ದು ಕೆಡಬಾರದೆಂದು ಮತ್ತೊಂದು ಕೊಳ್ಳುವುದು. ಧಾತು ಬೇಕಾದರೆ ಪದಕ, ಪದಕ ಸಾಲದಿದ್ದರೆ ಅಂಕಣಕ್ಕೆ ಇನ್ನೊಂದು ಸಲ ಇಳಿಯಲು ಹರಳು, ಹಬ್ಬದ ಚೀಟಿ ನಾಳೆ ಸಾಯುತ್ತದೆ ಎಂದರೆ ಅದನ್ನು ಪೂರ್ತಿ ಮಾಡಲು ಹರಳು. ಒಂದು ಏಟಿಗೆ ನಿಜವಾಗಿ ಬಿದ್ದ ಖರ್ಚು ಎಷ್ಟು ರೂಪಾಯಿ ಎಂದು ಕೇಳಿದರೆ ಆರು ಭಾಗಾಕಾರ ಮಾಡಬೇಕು. ಮಾಡಬಲ್ಲವನು ನಾನು. ಮಾಡಲಿಲ್ಲ. ಗಂಜಿನ ಪಟ್ಟಿಯಲ್ಲಿ ಎಷ್ಟೇ ಕಲಮು ಇರಲಿ, ಕೆಳಗೆ ಗೆರೆ ಎಳೆದು ರೂಪಾಯಿಯಲ್ಲಿ ಒಂದು ಮೊತ್ತ ಬರೆಯದೆ ರೈತನ ಕೈಗೆ ಕೊಡುವಂತಿಲ್ಲ. ಆಟದಲ್ಲಿ ಆ ಗೆರೆ ಎಲ್ಲೂ ಇರಲಿಲ್ಲ, ನಾನೂ ಎಳೆಯಲಿಲ್ಲ. ಅಮೆರಿಕದ ವ್ಯಾಪಾರ ಆಯೋಗ 2025ರ ಜನವರಿಯಲ್ಲಿ ಗೆನ್‌ಶಿನ್ ಇಂಪ್ಯಾಕ್ಟ್ ಆಟದ ಕಂಪನಿಯ ಮೇಲೆ ಹೊರಿಸಿದ ಆರೋಪಗಳಲ್ಲಿ ಇದೂ ಒಂದು: ಹಲವು ಹಂತದ ನಾಣ್ಯ ಇಟ್ಟು ನಿಜವಾದ ಬೆಲೆ ಗೊತ್ತಾಗದಂತೆ ಮಾಡಿದ್ದಾರೆ ಎಂದು. ಕಂಪನಿ 2 ಕೋಟಿ ಡಾಲರ್ ಕಟ್ಟಿ ರಾಜಿಯಾಯಿತು. ಸುದ್ದಿ ಓದಿದಾಗ ಎದೆ ಸ್ವಲ್ಪ ಹಗುರಾಯಿತು. ನನಗಿಂತ ಬುದ್ಧಿವಂತರೂ ಬಿದ್ದಿದ್ದಾರಲ್ಲ ಎಂಬ ಹಗುರ, ಬೇರೇನಲ್ಲ.

ರೊಕ್ಕಕ್ಕಿಂತ ಹೆಚ್ಚು ನೋಯುವ ಒಂದು ಸಂಗತಿ ಇದೆ. ಹೋಳಿಯ ನಂತರ ನಮ್ಮೂರ ಜಾತ್ರೆ. 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯ ಮುಂದೆ ಮುಸಲ್ಮಾನರು ಉರುಸು ಎನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭುವಿನ ಜಾತ್ರೆ ಎನ್ನುತ್ತಾರೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಜನರನ್ನು ಕಟ್ಟಿಕೊಂಡು ಬರುತ್ತಾರೆ, ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಅವರು ಬಾರದೆ ಉರುಸು ನಡೆಯುವುದಿಲ್ಲ. ಆ ದಿನ ಅಕ್ಕ-ಮಾಮಾ, ಮಕ್ಕಳು, ಔರಾದಿನ ಬೀಗರು ಎಲ್ಲರೂ ನಮ್ಮ ಮನೆಗೆ. ಆ ವರ್ಷ ಅದೇ ಸಂಜೆಗೆ ಆಟದ ಹಬ್ಬದ ಚೀಟಿಯ ಗಡುವು. ಕೆಳಗೆ ಶಂಖದ ಸದ್ದು, ನಾನು ಮಾಳಿಗೆಯಲ್ಲಿ ಚಾರ್ಜರ್ ಹಚ್ಚಿಕೊಂಡು ಬೆರಳು ಓಡಿಸುತ್ತಿದ್ದೆ. ಅಕ್ಕನ ಮಗ ಮೇಲೆ ಬಂದ. ಅವನೇ ಆಟ ಹಾಕಿಕೊಟ್ಟವನು. ಅವನು ಬಿಟ್ಟು ಎಷ್ಟೋ ದಿನವಾಗಿತ್ತು. "ಮಾಮಾ, ಇನ್ನಾ ಆಡ್ಲತ್ತಿ?" ಅಂದ. ಬೈದು ಕೆಳಗೆ ಕಳಿಸಿದೆ.

ಮೇ ತಿಂಗಳಲ್ಲಿ ಬೋರಿನ ಮೋಟರು ಸುಟ್ಟಿತು. ಅವ್ವನ ಬ್ಯಾಂಕ್ ಖಾತೆ ಆಧಾರ್ ಜೋಡಣೆಯ ತಕರಾರಿನಲ್ಲಿ ನಿಂತಿದ್ದರಿಂದ ಆಕೆಯ ತೊಗರಿಯ ಹಣ ನನ್ನ ಖಾತೆಗೇ ಜಮಾ ಆಗಿತ್ತು.

"ತಮ್ಮಾ, ಮೆಕ್ಯಾನಿಕ್ ನಾಳಿಗಿ ಬರ್ತಾನಂತ. ತೊಗರಿ ರೊಕ್ಕ ತೆಗದ್ ಕೊಡು."

ಎರಡು ದಿನ ನೆಟ್‌ವರ್ಕ್ ಇಲ್ಲ ಅಂದೆ, ಬ್ಯಾಂಕಿಗೆ ರಜೆ ಅಂದೆ. ಮೂರನೆಯ ದಿನ ಆಕೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು, ಏಳಲಿಲ್ಲ. ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ಕೈ ಒರೆಸಿಕೊಂಡು ಫೋನು ಕೇಳಿದಳು.

"ಏನ್ ತಗೊಂಡಿ, ತೋರ್ಸು."

ತೋರಿಸಿದೆ. ಕೆಂಪು ಶಲ್ಯ, ಹೊಳೆಯುವ ಬೆಲ್ಟು, ಹತ್ತನೇ ದರ್ಜೆ. ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಚೆಂದ ಅದ. ಮಾರಿದ್ರ ಎಷ್ಟ್ ಬರ್ತದ?"

"ಮಾರ್ಲಾಕ ಬರಂಗಿಲ್ಲವ್ವ."

"ಯಾರಿಗರೆ ಕೊಡ್ಲಾಕ ಬರ್ತದೇನು?"

"ಇಲ್ಲ."

"ಹಂಗಾರ ನೀ ಏನೂ ತಗೊಂಡಿಲ್ಲ. ಕೊಟ್ಟಿದಿ, ಅಷ್ಟೇ."

ಫೋನು ನನ್ನ ಕೈಗಿಟ್ಟು ಒಲೆಯ ಕಡೆ ತಿರುಗಿದಳು.

ಆ ರಾತ್ರಿ ಅಂಗಡಿಯಿಂದ ತಂದ ಒಂದು ಖಾಲಿ ಕಿರ್ದಿ ಪುಸ್ತಕ ತೆರೆದು, ಫೋನಿನ ಖರೀದಿ ಇತಿಹಾಸದಿಂದ ಒಂದೊಂದೇ ಸಾಲು ಇಳಿಸಿದೆ. ತಾರೀಖು, ಹೊತ್ತು, ಮೊತ್ತ. ಬಹುಪಾಲು 89, ನಡುನಡುವೆ 449, ಕೊನೆಕೊನೆಗೆ 899. ಹತ್ತು ಗಂಟೆಗೆ ಮುಂಚಿನ ಖರೀದಿ ಬೆರಳೆಣಿಕೆಯಷ್ಟು. ಒಂದೇ ರಾತ್ರಿಯಲ್ಲಿ ಒಂದರ ಬೆನ್ನಿಗೊಂದು ಬಂದ ಸಾಲುಗಳನ್ನು ನೋಡಿದರೆ ಯಾವ ದಿನ ಗಾಜು ಒಡೆದಿತ್ತು ಎಂದು ಗೊತ್ತಾಗುತ್ತಿತ್ತು. ಕೆಳಗೆ ಗೆರೆ ಎಳೆದು ಕೂಡಿದೆ: 38,640 ರೂಪಾಯಿ. ಹೀಗೆ ಬೇರೆ ಯಾರಾದರೂ ನನ್ನ ಮುಂದೆ ಲೆಕ್ಕ ಇಟ್ಟಿದ್ದರೆ ಅವನನ್ನು ಅಂಗಡಿಯ ಕಟ್ಟೆ ಹತ್ತಿಸುತ್ತಿರಲಿಲ್ಲ.

ಮಾರಿದರೆ ಎಷ್ಟು ಬರುತ್ತದೆಂಬ ಅವ್ವನ ಪ್ರಶ್ನೆ ತಲೆಯಿಂದ ಹೋಗಲಿಲ್ಲ, ಹಳೆಯ ನಾಣ್ಯಗಳ ಕಥೆಗಳು ನೆನಪಾದವು. ಬೀದರನ್ನೂ ಆಳಿದ ಮುಹಮ್ಮದ್ ಬಿನ್ ತುಘಲಕ್ 1330ರ ಸುಮಾರಿಗೆ ತಾಮ್ರ-ಹಿತ್ತಾಳೆಯ ನಾಣ್ಯ ಹೊಡೆಸಿ ಅದನ್ನೇ ಬೆಳ್ಳಿ ಟಂಕದ ಬೆಲೆಗೆ ತೆಗೆದುಕೊಳ್ಳಿ ಎಂದ. ಮನೆಮನೆಯಲ್ಲಿ ಖೋಟಾ ನಾಣ್ಯ ಹುಟ್ಟಿದವು. ಕೊನೆಗೆ ಎಲ್ಲವನ್ನೂ ಖಜಾನೆಗೆ ತನ್ನಿ, ಬೆಳ್ಳಿ ಬಂಗಾರ ಕೊಡುತ್ತೇನೆ ಎಂದು ವಾಪಸು ಪಡೆದ. ಹುಚ್ಚು ದೊರೆ ಎಂದು ಶಾಲೆಯಲ್ಲಿ ಓದಿ ನಕ್ಕಿದ್ದೇವೆ. ಆದರೆ ಆತ ತಾನು ಕೊಟ್ಟ ತಾಮ್ರವನ್ನು ಮರಳಿ ಕೊಂಡ, ನಷ್ಟ ಅವನಿಗಾಯಿತು. ಅವನ ನಂತರ ಬಂದ ಬಹಮನಿಗಳ ಕಾಲದ್ದೂ ಒಂದು ಕಥೆಯನ್ನು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ: ಮೊದಲನೇ ಮುಹಮ್ಮದ್ ಶಾ ಹೊಡೆಸಿದ ಬಂಗಾರದ ನಾಣ್ಯಗಳನ್ನು ಅಕ್ಕಸಾಲಿಗರು ಕರಗಿಸಿ ಹಾಕುತ್ತಿದ್ದರಂತೆ, ಸುಲ್ತಾನ ಅವರನ್ನು ಕೊಲ್ಲಿಸಿದನಂತೆ. ಪ್ರಾಣಕ್ಕೇ ಕುತ್ತು ಬಂತು ನಿಜ, ಆದರೆ ಅವರ ಕೈಯಲ್ಲಿದ್ದ ನಾಣ್ಯದೊಳಗೆ ಕರಗಿಸಲು ಬಂಗಾರವಿತ್ತು. ನನ್ನ ನೀಲಿ ಹರಳನ್ನು ಕರಗಿಸುವಂತೆಯೂ ಇರಲಿಲ್ಲ, ಮರಳಿಸುವಂತೆಯೂ ಇರಲಿಲ್ಲ. ಇಂಥ ಆಟಗಳ ಷರತ್ತುಗಳನ್ನು ಓದಿ ನೋಡಿ. ನಾಣ್ಯವೂ ಸಾಮಾನೂ ನಿಮ್ಮ ಸೊತ್ತಲ್ಲ, ಬಳಸಲು ಕೊಟ್ಟ ಅನುಮತಿ ಮಾತ್ರ ಎಂದು ಬರೆದಿರುತ್ತದೆ. ತುಘಲಕನಿಗೆ ಇಷ್ಟು ಜಾಣ ವಕೀಲರು ಸಿಕ್ಕಿರಲಿಲ್ಲ.

ಸೂಪರ್ ಹೀರೋ ಆಟಗಳ ಚರಿತ್ರೆಯಲ್ಲೇ ಇದಕ್ಕೆ ಉದಾಹರಣೆ ಬೇಕಷ್ಟಿವೆ. ಬ್ಯಾಟ್‌ಮನ್, ಸೂಪರ್‌ಮ್ಯಾನ್ ಬರುವ ಡಿಸಿ ಯೂನಿವರ್ಸ್ ಆನ್‌ಲೈನ್ 2011ರ ಜನವರಿಯಲ್ಲಿ ಬಂತು, ಅದೇ ವರ್ಷ ಪುಕ್ಕಟೆಯಾಯಿತು. ಪುಕ್ಕಟೆ ಆಡುವವರು ಆಟದ ಹಣವನ್ನು ಒಂದು ಮಿತಿಯವರೆಗೆ ಮಾತ್ರ ಇಟ್ಟುಕೊಳ್ಳಬಹುದಿತ್ತು. ಅದಕ್ಕಿಂತ ಹೆಚ್ಚು ದುಡಿದದ್ದು ಬೀಗ ಹಾಕಿದ ಠೇವಣಿಗೆ ಹೋಗುತ್ತಿತ್ತು, ಬೀಗ ತೆಗೆಸಲು ನಿಜವಾದ ಹಣ. ತಾವು ದುಡಿದ ರೊಕ್ಕ ಮುಟ್ಟಲು ರೊಕ್ಕ! ಸಿಟಿ ಆಫ್ ಹೀರೋಸ್ ಇನ್ನೂ ಹಳೆಯದು, 2004ರ ಏಪ್ರಿಲಿನದು. ಅದರಲ್ಲಿ ಬೆಲ್ಟು ಬೂಟುಗಳ ಗೋಜಿಲ್ಲ, ಹೀರೋನ ಶಕ್ತಿಗಳಿಗೇ ವರ್ಧಕಗಳನ್ನು ಜೋಡಿಸುತ್ತಾ ಹೋಗುವುದು. ಜನ ವರ್ಷಗಟ್ಟಲೆ ಕೂತು ಜೋಡಿಸಿದರು. 2012ರ ಆಗಸ್ಟ್ ಕೊನೆಗೆ ಕಂಪನಿ ಆಟ ಮುಚ್ಚುತ್ತೇವೆಂದು ಘೋಷಿಸಿತು, ನವೆಂಬರ್ 30ಕ್ಕೆ ಮುಚ್ಚಿತು. ಅಭಿಮಾನಿಗಳೇ ನಡೆಸಿದ ಸರ್ವರಿಗೆ 2024ರಲ್ಲಿ ಅಧಿಕೃತ ಪರವಾನಗಿ ಸಿಕ್ಕಿದ್ದು ನಿಜ. ಮುಚ್ಚಿದ ದಿನ ಆಟಗಾರರ ಕೈಯಲ್ಲಿ ಮಾತ್ರ ಏನೂ ಇರಲಿಲ್ಲ.

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿದಾಗ ಗಂಜಿನ ಹಮಾಲರೊಬ್ಬರು, "ಮುನೀಮಜೀ, ನಿಮ್ ಆಟಾನೂ ಬಂದ್ ಆಯ್ತೇನ್ರಿ?" ಎಂದು ಕೇಳಿದರು. ಸುದ್ದಿ ಅಲ್ಲಿಯವರೆಗೆ ಹೋಗಿತ್ತು, ನಾಚಿಕೆಯಾಯಿತು. ಆ ಕಾಯ್ದೆ ಹಣ ಗೆಲ್ಲುವ ಆಸೆಗೆ ಹಣ ಕಟ್ಟಿಸಿಕೊಳ್ಳುವ ಆಟಗಳನ್ನು ನಿಷೇಧಿಸಿತು. ನನ್ನ ಆಟದಲ್ಲಿ ಗೆದ್ದ ಹಣ ಹೊರಗೆ ಬರುವ ಬಾಗಿಲೇ ಇರಲಿಲ್ಲ, ಅದಕ್ಕೇ ಅದು ಇವತ್ತೂ ನಡೆದಿದೆ. ಜೂಜಿನಲ್ಲಿ ಸೋತವನಿಗೆ ಗೆಲ್ಲುವ ಒಂದು ಕನಸಾದರೂ ಇರುತ್ತದೆ. ನಾನು ಗೆದ್ದ ರಾತ್ರಿಯೂ ಸೋತವನೇ.

ಮೋಟರಿಗೆ ಮಾಲಕರ ಬಳಿ ಮುಂಗಡ ತಂದೆ. ದೀಪಾವಳಿಯವರೆಗೆ ಪಗಾರದಲ್ಲಿ ಮುರಿದುಕೊಂಡರು. ಆಟ ಅಳಿಸುವ ಮುಂಚೆ ಕೂಟದವರಿಗೆ ಹೇಳಿಹೋಗೋಣವೆಂದು ನೋಡಿದರೆ, ಎರಡು ರಾತ್ರಿ ಬಾರದ್ದಕ್ಕೆ ಮುಖಂಡ ನನ್ನನ್ನು ತೆಗೆದುಹಾಕಿ ಬೇರೊಬ್ಬನನ್ನು ಸೇರಿಸಿಕೊಂಡಿದ್ದ.

ಆಟ ಆಡಬೇಡಿ ಎಂದು ನಾನು ಹೇಳುವುದಿಲ್ಲ, ಆ ಹತ್ತೂವರೆಯ ಖುಷಿ ನನಗಿನ್ನೂ ನೆನಪಿದೆ. ನಿಮ್ಮದೋ ಮಕ್ಕಳದೋ ಫೋನಿನಲ್ಲಿ ಇಂಥದೊಂದು ಇದ್ದರೆ ಇವತ್ತೇ ಪ್ಲೇ ಸ್ಟೋರಿನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ, ಪಾವತಿಗಳ ವಿಭಾಗದಲ್ಲಿ ಬಜೆಟ್ ಮತ್ತು ಇತಿಹಾಸ ತೆರೆಯಿರಿ. ಅಲ್ಲಿ ತಿಂಗಳ ಮಿತಿ ಹಾಕಬಹುದು, ಆದರೆ ಅದು ಎಚ್ಚರಿಸುತ್ತದೆಯೇ ಹೊರತು ತಡೆಯುವುದಿಲ್ಲ. ಆದ್ದರಿಂದ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಗೊತ್ತಿಲ್ಲದೆ ಆದ ಖರೀದಿಯಾದರೆ 48 ಗಂಟೆಯೊಳಗೆ ಹಣ ವಾಪಸು ಕೇಳಿ. ಇತಿಹಾಸದ ಸಾಲುಗಳನ್ನು ಕಾಗದದ ಮೇಲೆ ಬರೆದು ರೂಪಾಯಿಯಲ್ಲಿ ಕೂಡಿ. ಕೂಡಿದ ಮೇಲೂ ಕೈ ನಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ರೊಕ್ಕ ಕೇಳುವುದಿಲ್ಲ.